ಪರ್ಮಿಷನ್ ಇದೆ ಮೇಡಂ

ಇಲ್ಲಿವರೆಗೆ ಆಡಿದ ಮಾತುಗಳಲ್ಲಿ ಒಂದನ್ನು ವಾಪಸ್ ತಗೋಬಹುದು ಅಂತ ಯಾರಾದರೂ ಅವಕಾಶ ಕೊಟ್ಟರೆ, ನಾನು ಆರಿಸಿಕೊಳ್ಳುವುದು ಯಾವ ಬೈಗುಳವನ್ನೂ ಅಲ್ಲ, ಹೇಳಿದ ಸುಳ್ಳನ್ನೂ ಅಲ್ಲ. ಮೂರು ಪದದ ಒಂದು ನಿಜವನ್ನು. "ಪರ್ಮಿಷನ್ ಇದೆ ಮೇಡಂ."

ಪರ್ಮಿಷನ್ ಇದ್ದದ್ದು ಹೌದು. ತಂದವನೇ ನಾನು.

ನಾವಿರೋದು ಬೆಂಗಳೂರಿನ ಅಂಚಿನ ಒಂದು ಲೇಔಟಿನಲ್ಲಿ. ಮೂವತ್ತು-ನಲವತ್ತರ ಸೈಟುಗಳು, ಒಂದರ ಗೋಡೆಗೆ ಇನ್ನೊಂದು ತಾಗುವಂತೆ ಕಟ್ಟಿದ ಮನೆಗಳು, ನಾಲ್ಕು ಪೀಜಿ, ಮೂಲೆಯಲ್ಲೊಂದು ಖಾಲಿ ಸೈಟು. ಆ ಖಾಲಿ ಸೈಟಿನಲ್ಲಿ ವರ್ಷಾ ವರ್ಷಾ ಗಣೇಶನನ್ನು ಕೂರಿಸುತ್ತೇವೆ. ಸಮಿತಿಯಲ್ಲಿ ಪ್ರಾವಿಷನ್ ಸ್ಟೋರ್ ಅಣ್ಣ, ಕ್ಯಾಬ್ ಓಡಿಸುವ ಇಬ್ಬರು, ರಿಟೈರ್ಡ್ ಮೇಷ್ಟ್ರು ಒಬ್ಬರು, ಮತ್ತೆ ಒಂದಷ್ಟು ಹುಡುಗರು. ನಾನು ಸೇರಿದ ಮೊದಲ ಮೀಟಿಂಗಿನಲ್ಲೇ ಕೆಲಸ ಹಂಚಿಕೆಯಾಯಿತು. "ನೀವು ಸಾಫ್ಟ್‌ವೇರ್ ಅಲ್ವಾ ಸಾರ್, ಈ ಅರ್ಜಿ ಗಿರ್ಜಿ ಎಲ್ಲ ನೀವೇ ನೋಡ್ಕೊಂಬಿಡಿ" ಅಂದರು. ಖುಷಿಯಿಂದಲೇ ಒಪ್ಪಿಕೊಂಡೆ. ಈ ನಗರಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ಆಫೀಸಿನ ಹೊರಗೆ ಯಾರಾದರೂ ನನ್ನನ್ನು ತಮ್ಮವನು ಅಂದುಕೊಂಡು ಒಂದು ಕೆಲಸ ಒಪ್ಪಿಸಿದ್ದು ಅದೇ ಮೊದಲು.

ಬೀದಿಯಲ್ಲಿ ಗಣೇಶ ಕೂರಿಸೋಕೆ ಏನೆಲ್ಲ ಬೇಕು ಅಂತ ಒಮ್ಮೆಯೂ ಕೂರಿಸದವರಿಗೆ ಗೊತ್ತಿರಲ್ಲ. ಪಾಲಿಕೆಯ ಅನುಮತಿ ಬೇಕು. ಪೊಲೀಸರದ್ದು ಬೇಕು. ಪೆಂಡಾಲಿನ ತಾತ್ಕಾಲಿಕ ಕರೆಂಟಿಗೆ ಬೆಸ್ಕಾಂ, ಬೆಂಕಿ ಗಿಂಕಿ ಹತ್ತಿದರೆ ಅಂತ ಅಗ್ನಿಶಾಮಕದವರು. ಇವರನ್ನೆಲ್ಲ ಒಂದೇ ಕಡೆ ಕೂರಿಸುವ ಏಕಗವಾಕ್ಷಿ ಅನ್ನೋ ವ್ಯವಸ್ಥೆ ಬಂದಮೇಲೆ ಓಡಾಟ ಕಮ್ಮಿಯಾಗಿದೆ. ಆದರೂ ಸೈಟಿನ ಮಾಲೀಕರ ಪತ್ರ, ಸಮಿತಿಯವರ ಹೆಸರು ಮತ್ತು ಫೋನ್ ನಂಬರು, ಮೂರ್ತಿ ಎಷ್ಟು ಎತ್ತರ, ಯಾವತ್ತು ಬಿಡ್ತೀರಿ, ಯಾವ ದಾರೀಲಿ ಹೋಗ್ತೀರಿ, ಪಿಒಪಿ ಮೂರ್ತಿ ತರಲ್ಲ ಅಂತ ಮುಚ್ಚಳಿಕೆ, ಹೀಗೆ ಒಂದೊಂದೇ ಸೇರಿಸಿ ಒಂದು ಪ್ಲಾಸ್ಟಿಕ್ ಫೋಲ್ಡರ್ ದಪ್ಪಗಾಯಿತು. ಸತ್ಯವಾಗಿ ಹೇಳ್ತೀನಿ, ನನ್ನ ಯಾವ ಪ್ರಾಜೆಕ್ಟಿಗೂ ಅಷ್ಟು ನೀಟಾಗಿ ಡಾಕ್ಯುಮೆಂಟೇಶನ್ ಮಾಡಿದ್ದಿಲ್ಲ.

ಮೂರನೇ ದಿನ ಆರ್ಕೆಸ್ಟ್ರಾ. ರಾತ್ರಿ ಒಂಬತ್ತೂ ಇಪ್ಪತ್ತು. ಹುಡುಗರು ಸ್ಟೇಜಿನ ಮುಂದೆ ಕುಣೀತಿದ್ದರು. ನಾನು ಫೋಲ್ಡರ್ ಕಂಕುಳಲ್ಲಿಟ್ಟುಕೊಂಡು, ಯಾರಾದರೂ ಬಂದು ಕೇಳಲಿ ಅನ್ನೋ ಹಾಗೆ ಗೇಟಿನ ಹತ್ತಿರ ನಿಂತಿದ್ದೆ. ಎದುರು ಸಾಲಿನ ಮೂರನೇ ಮನೆಯಿಂದ ಒಬ್ಬ ಹೆಂಗಸು ನೈಟಿ ಮೇಲೆ ಟವೆಲ್ ಹೊದ್ದು ಬಂದರು. ಐವತ್ತರ ಆಸುಪಾಸು. ಜಗಳಕ್ಕೆ ಬಂದವರ ಮುಖವಲ್ಲ.

"ಸ್ವಲ್ಪ ಸೌಂಡ್ ಕಮ್ಮಿ ಮಾಡ್ಸ್ತೀರಾ ಸಾರ್? ಅಮ್ಮನಿಗೆ ಹುಷಾರಿಲ್ಲ."

ನಾನು ಫೋಲ್ಡರ್ ತೆಗೆದೆ. ಸೀಲು ಹಾಕಿದ ಕಾಗದ ತೋರಿಸಿದೆ. "ಪರ್ಮಿಷನ್ ಇದೆ ಮೇಡಂ. ಹತ್ತು ಗಂಟೆವರೆಗೂ ಇದೆ."

ಅವರು ಕಾಗದ ನೋಡಲಿಲ್ಲ. ನನ್ನ ಮುಖ ನೋಡಿದರು. "ಸರಿ ಸಾರ್" ಅಂದು ವಾಪಸ್ ಹೋದರು.

ಹತ್ತಕ್ಕೆ ಸರಿಯಾಗಿ ಸೌಂಡ್ ನಿಲ್ಲಿಸಿದೆವು. ಒಂದು ನಿಮಿಷವೂ ಮೀರಲಿಲ್ಲ. ಅದರ ಬಗ್ಗೆ ಅವತ್ತು ನನಗೆ ಹೆಮ್ಮೆಯೂ ಇತ್ತು.

ಹನ್ನೊಂದು ದಿನ ಆದಮೇಲೆ ಬೆಳಗ್ಗೆ ಆಫೀಸಿಗೆ ಹೊರಟಾಗ ಆ ಮನೆಯ ಮುಂದೆ ಬೆಂಕಿ ಹಾಕಿದ್ದರು. ಗೇಟಿನ ತುಂಬ ಚಪ್ಪಲಿ. ಆಮೇಲೆ ಗೊತ್ತಾಯಿತು, ಅಜ್ಜಿಗೆ ಕ್ಯಾನ್ಸರ್ ಕೊನೆಯ ಹಂತದಲ್ಲಿತ್ತು, ಇನ್ನು ಮನೆಯಲ್ಲೇ ನೋಡಿಕೊಳ್ಳೋಣ ಅಂತ ಕರೆತಂದಿದ್ದರಂತೆ. ನಮ್ಮ ಆರ್ಕೆಸ್ಟ್ರಾದಿಂದ ಅವರು ಸಾಯಲಿಲ್ಲ. ಅಷ್ಟು ತಿಳುವಳಿಕೆ ನನಗಿದೆ. ಆದರೆ ಅವರಿಗೆ ಉಳಿದಿದ್ದ ರಾತ್ರಿಗಳೇ ಹದಿನಾಲ್ಕೋ ಹದಿನೈದೋ. ಅದರಲ್ಲೊಂದು ರಾತ್ರಿಯನ್ನು ನಾವು ತಗೊಂಡೆವು, ಸೀಲು ಹಾಕಿಸಿಕೊಂಡು.

ಅವತ್ತಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿದ್ದಿದೆ. ಕೇಳಬೇಕಾದವರನ್ನೆಲ್ಲ ಕೇಳಿದ್ದೆನಲ್ಲ, ಹಾಗಿದ್ದಮೇಲೆ ನಾನು ಮಾಡಿದ ತಪ್ಪೇನು?

ಕೋಡಿನಲ್ಲಿ ಬಗ್ ಹುಡುಕುವವನ ಹಾಗೆ ಮೊದಲು ಕಾಗದವನ್ನೇ ಹಿಡಿದು ಕೂತೆ. ಮೊದಲ ಪುಟ ಬಿಟ್ಟರೆ ಉಳಿದದ್ದನ್ನು ನಾನು ಓದಿಯೇ ಇರಲಿಲ್ಲ. ಆ್ಯಪ್ ಹಾಕುವಾಗ ಬರುವ ಷರತ್ತುಗಳನ್ನು ಕೆಳಗಿನವರೆಗೂ ಜಾರಿಸಿ ಒಪ್ಪಿದೆ ಅಂತ ಒತ್ತುತ್ತೀವಲ್ಲ, ಹಾಗೆ. ಷರತ್ತುಗಳಲ್ಲಿ ಶಬ್ದದ ಮಿತಿಯೂ ಇತ್ತು. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಮನೆಗಳಿರುವ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಲೆಕ್ಕದಲ್ಲಿ ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ಸಾರ್ವಜನಿಕ ಜಾಗದಲ್ಲಿ ಮೈಕ್ ಹಾಕಿದರೆ ಆ ಜಾಗದ ಎಲ್ಲೆಯಲ್ಲಿ ಈ ಮಿತಿಗಿಂತ 10 ಹೆಚ್ಚಿಗೆ ಅಥವಾ ಒಟ್ಟು 75, ಎರಡರಲ್ಲಿ ಯಾವುದು ಕಮ್ಮಿಯೋ ಅದು. ಅಂದರೆ ನಮ್ಮ ಬೀದಿಗೆ 65. ಡೆಸಿಬಲ್ ನಮ್ಮ ಮಾಮೂಲಿ ಲೆಕ್ಕದಂತೆ ಏರುವುದಿಲ್ಲ. 10 ಹೆಚ್ಚಾಯಿತು ಅಂದರೆ ಶಬ್ದದ ಶಕ್ತಿ ಹತ್ತು ಪಟ್ಟಾಯಿತು ಅಂತ, 20 ಹೆಚ್ಚಾದರೆ ನೂರು ಪಟ್ಟು. ಅವತ್ತು ನಮ್ಮ ಸ್ಪೀಕರು 65ರ ಒಳಗಿರಲಿಲ್ಲ ಅಂತ ಹೇಳೋಕೆ ಯಾವ ಮೀಟರೂ ಬೇಕಿರಲಿಲ್ಲ. ಎದೆಗೂಡು ಅದುರುತ್ತಿತ್ತು.

ಸಿಕ್ಕಿತು ಬಗ್, ನಿಯಮ ಮುರಿದಿದ್ದೆವು ಅಂತ ಒಂದು ದಿನ ಸಮಾಧಾನವಾಯಿತು. ನಿಯಮ ಮುರಿದದ್ದೇ ತಪ್ಪಾದರೆ ಪರಿಹಾರ ಸುಲಭ, ಮುಂದಿನ ವರ್ಷ ಮುರಿಯದಿದ್ದರಾಯಿತು. ಮರುದಿನ ಇನ್ನೊಂದು ಪ್ರಶ್ನೆ ಎದ್ದಿತು. ಅವತ್ತು ಸ್ಪೀಕರ್ ಕರೆಕ್ಟಾಗಿ 65ಕ್ಕೇ ಇತ್ತು ಅಂತಿಟ್ಟುಕೊಳ್ಳೋಣ. ಆಗ ಆ ಹೆಂಗಸು ಬಂದು ಅದೇ ಮಾತು ಕೇಳಿದ್ದರೆ, ನಾನು ಹೇಳಿದ್ದು ಸರಿಯಾಗುತ್ತಿತ್ತಾ?

ಆಗುತ್ತಿರಲಿಲ್ಲ. 65 ಅನ್ನೋದು ಸರಾಸರಿ ಮನುಷ್ಯನನ್ನು ಮನಸ್ಸಲ್ಲಿಟ್ಟುಕೊಂಡು ಹಾಕಿದ ಗೆರೆ. ಸರಾಸರಿ ಮನುಷ್ಯ ಯಾವ ಮನೆಯಲ್ಲೂ ಇರುವುದಿಲ್ಲ. ಮನೆಯಲ್ಲಿರೋರು ನೋವಿನ ಅಜ್ಜಿ, ಹಸುಗೂಸು, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ನರ್ಸು, ನಾಳೆ ಪರೀಕ್ಷೆ ಇರುವ ಹುಡುಗಿ. ಕಾಗದಕ್ಕೆ ಅವರು ಯಾರೂ ಗೊತ್ತಿಲ್ಲ. ನನಗೆ ಗೊತ್ತಾಗಬಹುದಿತ್ತು, ಎದುರಿಗೇ ಬಂದು ನಿಂತಿದ್ದರು.

ನಮ್ಮ ಕೆಲಸದಲ್ಲಿ ಒಂದು ಮಾತಿದೆ, ನಿಮಗೂ ಗೊತ್ತಿರುತ್ತದೆ. ಪ್ರೊಡಕ್ಷನ್ನಿಗೆ ಏನನ್ನಾದರೂ ಹಾಕುವ ಮೊದಲು ಅಪ್ರೂವಲ್ ಬೇಕು. ಹಾಕಿದ ಮೇಲೆ ಸಿಸ್ಟಮ್ ಬಿದ್ದುಹೋಯಿತು ಅಂತಿಟ್ಟುಕೊಳ್ಳಿ. ಮರುದಿನದ ಮೀಟಿಂಗಿನಲ್ಲಿ "ಅಪ್ರೂವಲ್ ಇತ್ತು" ಅಂದರೆ ಯಾರಾದರೂ ಒಪ್ಪುತ್ತಾರಾ? ಅಪ್ರೂವಲ್ ಸಿಕ್ಕಿದ್ದು ಹಾಕೋಕೆ. ಅಲಾರಂ ಹೊಡೆದುಕೊಂಡಾಗ ಕಿವಿ ಮುಚ್ಚಿಕೊಳ್ಳೋಕಲ್ಲ. ಆಫೀಸಿನಲ್ಲಿ ನನಗೆ ಇದು ಗೊತ್ತಿತ್ತು. ಬೀದಿಗೆ ಬಂದಾಗ ಮರೆತುಹೋಯಿತು.

ಇನ್ನೂ ನಾಚಿಕೆ ಅಂದರೆ, ಹಬ್ಬಕ್ಕೆ ಮೊದಲು ಜನರನ್ನು ಕೇಳಬೇಕು ಅನ್ನೋದು ನನಗೆ ಯಾರೂ ಹೇಳಿಕೊಡಬೇಕಾದ ವಿಷಯವೇ ಅಲ್ಲ. ನಮ್ಮೂರು ಮಂಡ್ಯ ಜಿಲ್ಲೆಯಲ್ಲಿದೆ. ಅಲ್ಲಿ ಮಾರಮ್ಮನ ಹಬ್ಬ ಮಾಡಬೇಕು ಅಂದರೆ ಮೊದಲು ಗುಡಿಯಲ್ಲಿ ಹೂ ಕೇಳುತ್ತಾರೆ. ಅಮ್ಮನ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಅಪ್ಪಣೆ ಆಯಿತು ಅಂತ. ಎಡಕ್ಕೆ ಬಿದ್ದರೆ ಯಜಮಾನರೆಲ್ಲ ಜಗಲಿ ಮೇಲೆ ಕೂತು ಮಾತಾಡುತ್ತಾರೆ. ಚಿಕ್ಕವನಿದ್ದಾಗ ತಾತನನ್ನು ಕೇಳಿದ್ದೆ, ಎಡಕ್ಕೆ ಬಿದ್ದರೆ ಏನರ್ಥ ಅಂತ. "ಊರಲ್ಲಿ ಯಾರೋ ನೊಂದ್ಕಂಡು ಬಾಯ್ ಮುಚ್ಕೊಂಡವ್ರೆ ಅಂತ ಕಣ್ಲಾ" ಅಂದಿದ್ದರು. ಆಮೇಲೆ ಅಂಥವರು ಯಾರು ಅಂತ ಹುಡುಕುವುದು. ಬದುವಿನ ವಿಚಾರಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರು, ಹೋದ ವರ್ಷ ಪಾಲು ಸರಿಯಾಗಿ ಸಿಗಲಿಲ್ಲ ಅಂತ ಮುನಿಸಿಕೊಂಡ ಮನೆ. ಅವರ ಹತ್ತಿರ ಹೋಗಿ ಸಮಾಧಾನ ಮಾಡಿ ಬಂದಮೇಲೆ ಮತ್ತೆ ಹೂ ಕೇಳುವುದು.

ಅಪ್ಪಣೆ ಸಿಕ್ಕಮೇಲೆ ಮನೆ ಮನೆಗೆ ವೀಳ್ಯ. ಆಮೇಲೆ ಸಾರು ಹಾಕುವುದು, ಅಂದರೆ ತಮಟೆ ಬಡಿದು ಹಬ್ಬ ಸಾರುವುದು. ಸಾರು ಹಾಕಿದ ಮೇಲೆ ಯಾರೂ ಊರು ಬಿಟ್ಟು ಹೋಗಿ ರಾತ್ರಿ ಉಳಿಯುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಸಾರು ಹಾಕುವ ಮೊದಲು ಊರಲ್ಲಿ ಸಾವಾದರೆ ಹಬ್ಬ ಮುಂದಕ್ಕೆ. ಒಂದು ಮನೆಯ ಸೂತಕ ಇಡೀ ಊರಿನ ಡೊಳ್ಳು ತಮಟೆ ನಿಲ್ಲಿಸುತ್ತಿತ್ತು.

ನಮ್ಮ ಭಾಷೆಯಲ್ಲಿ ಇದಕ್ಕೆಲ್ಲ ಬೇರೆ ಬೇರೆ ಪದಗಳಿರುವುದು ಸುಮ್ಮನೆ ಅಲ್ಲ ಅನ್ನಿಸುತ್ತದೆ. ಅಪ್ಪಣೆ ಮೇಲಿನಿಂದ ಬರುವುದು, ದೇವರಿಂದ, ಹಿರಿಯರಿಂದ. ಅನುಮತಿ ಕಚೇರಿಯಿಂದ ಬರುವುದು, ಅದಕ್ಕೆ ಅರ್ಜಿ ಬೇಕು, ನಂಬರು ಬೇಕು. ಒಪ್ಪಿಗೆ ಪಕ್ಕದಿಂದ ಬರುವುದು, ನಮ್ಮಷ್ಟೇ ಎತ್ತರದಲ್ಲಿ ನಿಂತಿರುವವರಿಂದ. ಪರ್ಮಿಷನ್ ಅನ್ನೋ ಒಂದೇ ಪದದಲ್ಲಿ ನಾವು ಮೂರನ್ನೂ ಸುತ್ತಿ ಹಾಕಿಬಿಟ್ಟಿದ್ದೇವೆ. ನನ್ನ ಫೋಲ್ಡರಿನಲ್ಲಿ ಇದ್ದದ್ದು ಅನುಮತಿ. ಆ ಹೆಂಗಸು ಬಂದು ಕೇಳಿದ್ದು ಒಪ್ಪಿಗೆಯ ವಿಚಾರ. ಇರುವ ಒಂದನ್ನು ತೋರಿಸಿ, ಇಲ್ಲದ ಇನ್ನೊಂದೂ ಇದೆ ಅನ್ನುವಂತೆ ಮಾತಾಡಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು "ನಮ್ಮೂರೇ ಚೆಂದ, ಸಿಟಿ ಹಾಳು" ಅನ್ನೋ ಬರಹವಾಗುತ್ತಿತ್ತು. ಅಂಥದ್ದು ಬೇಕಾದಷ್ಟಿವೆ, ನಾನೂ ಬರೆದಿದ್ದೇನೆ. ಆದರೆ ಊರಿನ ಬಗ್ಗೆ ಇನ್ನೊಂದು ಮಾತು ಹೇಳದೇ ಹೋದರೆ ಅದು ಅರ್ಧ ಸತ್ಯ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ಸಾರು ಹಾಕೋಕೆ ಮೂರು ದಿನ ಇರುವಾಗ ಊರಲ್ಲಿ ಒಂದು ಸಾವಾಯಿತು. ಹಬ್ಬ ಮುಂದಕ್ಕೆ ಹೋಗಲಿಲ್ಲ. ಸಾವಾದದ್ದು ಕೇರಿಯಲ್ಲಿ. ಸತ್ತದ್ದು ಸಾರು ಹಾಕುವ ಕುಳವಾಡಿಯ ಅಪ್ಪ. ಮೂರನೇ ದಿನ ಆತ ತಲೆ ಬೋಳಿಸಿಕೊಂಡು ಬಂದು ಬೀದಿ ಬೀದಿಯಲ್ಲಿ ತಮಟೆ ಬಡಿದು ಹಬ್ಬ ಸಾರಿದ. ನಾವು ಹುಡುಗರು ಅವನ ಹಿಂದೆ ಕೂಗುತ್ತಾ ಓಡಿದೆವು. ನಮ್ಮ ಮನೆಯಲ್ಲಿ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಊರು ಅಂದರೆ ನಮ್ಮ ಬೀದಿಗಳು, ಕೇರಿ ಅಂದರೆ ಕೇರಿ. ಮನೆ ಮನೆಗೆ ವೀಳ್ಯ ಅಂತ ಮೇಲೆ ಬರೆದೆನಲ್ಲ, ಆ ವೀಳ್ಯ ಕೇರಿಗೆ ಹೋಗುತ್ತಿರಲಿಲ್ಲ. ಅವರಿಗೆ ಹೇಳುತ್ತಿದ್ದರು, ಕೇಳುತ್ತಿರಲಿಲ್ಲ. ಹೂ ಎಷ್ಟು ಸಲ ಎಡಕ್ಕೆ ಬಿದ್ದರೂ, ನೊಂದುಕೊಂಡು ಬಾಯಿ ಮುಚ್ಚಿಕೊಂಡವರನ್ನು ಹುಡುಕಿಕೊಂಡು ಆ ಕಡೆಗೆ ಹೋದವರಿಲ್ಲ.

ನಾನು ಬಿಇ ಓದುತ್ತಿದ್ದಾಗ ಅಮ್ಮನ ಉತ್ಸವ ಯಾವ ಬೀದಿಯಲ್ಲಿ ಹೋಗಬೇಕು ಅನ್ನೋದಕ್ಕೆ ಊರಲ್ಲಿ ಜಗಳವಾಯಿತು. ಕೇರಿಯ ಹುಡುಗರು ನಮ್ಮ ಬೀದಿಗೂ ಬರಲಿ ಅಂದರು. ಹಿಂದಿನಿಂದ ಬಂದದ್ದನ್ನು ಬದಲಾಯಿಸೋಕಾಗಲ್ಲ ಅಂತ ಇವರು. ವಿಷಯ ಪೊಲೀಸ್ ಠಾಣೆಗೆ ಹೋಗಿ ಶಾಂತಿ ಸಭೆ ಕರೆದರು. ಎರಡೂ ಕಡೆಯವರಿಗೆ ಒಂದೇ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ. ಉತ್ಸವದ ದಾರಿ, ಹೊರಡುವ ಸಮಯ, ಹೊಣೆ ಯಾರದ್ದು ಅಂತ ಒಂದೊಂದನ್ನೂ ಓದಿ ಹೇಳಿ, ಎಲ್ಲರ ಕೈಲೂ ಸಹಿ ಹಾಕಿಸಿಕೊಂಡರು. ದಾರಿಯಲ್ಲಿ ಕೇರಿಯ ಬೀದಿಯೂ ಸೇರಿತು. ಸಭೆಗೆ ಹೋಗಿದ್ದ ನಮ್ಮಪ್ಪ ಮನೆಗೆ ಬಂದು ಮುಖ ಗಂಟಿಕ್ಕಿಕೊಂಡು, "ದೇವ್ರುಗೂ ರೂಟ್ ಮ್ಯಾಪ್ ಅಂತೆ" ಅಂದಿದ್ದು ನೆನಪಿದೆ. ನಾನು ನಕ್ಕಿದ್ದೆ. ಈಗ ಯೋಚಿಸಿದರೆ, ಆ ಊರಿನ ಇತಿಹಾಸದಲ್ಲಿ ಹಬ್ಬದ ವಿಚಾರಕ್ಕೆ ಕೇರಿಯವರನ್ನು ಮೊದಲ ಸಲ ಕೇಳಿದ್ದು ಒಂದು ಸರ್ಕಾರಿ ಕಾಗದ. ಒಪ್ಪಿಗೆ ಇನ್ನೂ ಪೂರ್ತಿ ಬಂದಿಲ್ಲ. ಅನುಮತಿ ಬಾಗಿಲು ತೆಗೆಸಿತು.

ಹಾಗಾಗಿ ನಿಯಮ ಅಂದರೆ ಕಿರಿಕಿರಿ, ಹಬ್ಬಕ್ಕೂ ಪರ್ಮಿಷನ್ ಬೇಕಾ ಅಂತ ಗೆಳೆಯರು ಗೊಣಗುವಾಗ ನನಗೆ ಮೊದಲಿನಷ್ಟು ಸುಲಭವಾಗಿ ಹೂಂ ಅನ್ನೋಕಾಗಲ್ಲ. ಹತ್ತು ಗಂಟೆಯ ಗೆರೆಯ ಹಿಂದೆ ಏನಿದೆ ಅಂತ ಓದಿದಾಗಂತೂ ಒಂದು ದಿನ ಮಾತೇ ಹೊರಡಲಿಲ್ಲ. ಸುಪ್ರೀಂ ಕೋರ್ಟ್ 2005ರ ಜುಲೈ 18ರಂದು ಶಬ್ದಮಾಲಿನ್ಯದ ಬಗ್ಗೆ ಕೊಟ್ಟ ತೀರ್ಪು ಶುರುವಾಗುವುದೇ ಹದಿಮೂರು ವರ್ಷದ ಒಬ್ಬ ಹುಡುಗಿಯಿಂದ. ಅವಳ ಮೇಲೆ ಅತ್ಯಾಚಾರ ನಡೆದ ಸುದ್ದಿ 1998ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಸಹಾಯಕ್ಕೆ ಕೂಗಿಕೊಂಡದ್ದು ಯಾರಿಗೂ ಕೇಳಿಸಲಿಲ್ಲ, ಅಕ್ಕಪಕ್ಕದಲ್ಲಿ ಧ್ವನಿವರ್ಧಕದ ಹಾಡು ಅಬ್ಬರಿಸುತ್ತಿತ್ತು. ಅದೇ ಸಂಜೆ ಅವಳು ಬೆಂಕಿ ಹಚ್ಚಿಕೊಂಡು ತೀರಿಕೊಂಡಳು. ಆ ಸುದ್ದಿ ಓದಿ ಕೋರ್ಟಿಗೆ ಅರ್ಜಿ ಹಾಕಿದವರು ಅನಿಲ್ ಮಿತ್ತಲ್ ಅನ್ನುವವರು. ಅವರಿಗೂ ಆ ಹುಡುಗಿಗೂ ಸಂಬಂಧವಿತ್ತು ಅಂತ ತೀರ್ಪಿನಲ್ಲಿ ಎಲ್ಲೂ ಇಲ್ಲ. ವೃತ್ತಿಯಲ್ಲಿ ಇಂಜಿನಿಯರ್ ಅಂತಷ್ಟೇ ಇದೆ.

ಇಂಜಿನಿಯರ್. ಆ ಪದದ ಹತ್ತಿರ ನಾನು ಸ್ವಲ್ಪ ಹೊತ್ತು ನಿಂತುಬಿಟ್ಟೆ. ಒಬ್ಬ ಇಂಜಿನಿಯರ್ ಕೇಳಿಸದೇ ಹೋದ ಕೂಗಿಗೋಸ್ಕರ ಕೋರ್ಟಿಗೆ ಹೋದ. ಇನ್ನೊಬ್ಬ ಕೇಳಿಸಿದ ಮಾತಿಗೆ ಫೋಲ್ಡರ್ ತೆಗೆದ.

ನಿಯಮಗಳಲ್ಲಿ ಸಡಿಲಿಕೆಯೂ ಇದೆ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ರಾತ್ರಿ ಹನ್ನೆರಡರವರೆಗೆ ಮೈಕಿಗೆ ಅವಕಾಶ ಕೊಡಬಹುದು. ಅಂದರೆ ನಿಯಮ ಬರೆದವರಿಗೂ ಹಬ್ಬ ಅಂದರೆ ಏನು ಅಂತ ಗೊತ್ತು. ಸದ್ದಿಲ್ಲದ ಹಬ್ಬ ಹಬ್ಬವಲ್ಲ. ಬೀದಿಯೂ ಬರೀ ಕಾರು ನಿಲ್ಲಿಸೋಕಿರುವ ಜಾಗವಲ್ಲ. ವರ್ಷದಲ್ಲಿ ನಾಲ್ಕು ದಿನ ಬೀದಿಯಲ್ಲಿ ನಿಂತು ಅಕ್ಕಪಕ್ಕದವರ ಹೆಸರು ತಿಳಿದುಕೊಳ್ಳದ ಜನ ಒಂದು ಊರಾಗುವುದು ಹೇಗೆ? ಸಮಿತಿಗೆ ಸೇರುವವರೆಗೆ ನನಗೇ ನನ್ನ ಬೀದಿಯಲ್ಲಿ ಎರಡು ಹೆಸರು ಗೊತ್ತಿದ್ದವು, ಅದರಲ್ಲೊಂದು ಹಾಲಿನವನದ್ದು.

ಕಾಗದ ಕೇಳುವ ಕೆಲವು ಪ್ರಶ್ನೆಗಳನ್ನು ಸಂಭ್ರಮದಲ್ಲಿರುವ ಜನ ತಾವಾಗಿ ಕೇಳಿಕೊಳ್ಳುವುದಿಲ್ಲ. ಎಷ್ಟು ಜನ ಬರಬಹುದು? ಒಳಗೆ ಹೋಗೋಕೆ ಎಷ್ಟು ಗೇಟು, ಹೊರಗೆ ಬರೋಕೆ ಎಷ್ಟು? ಆಂಬುಲೆನ್ಸ್ ಯಾವ ಕಡೆಯಿಂದ ಬರುತ್ತದೆ? 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ, ಆರ್‌ಸಿಬಿ ಗೆದ್ದ ಮರುದಿನದ ಸಂಭ್ರಮದಲ್ಲಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ನಮ್ಮ ಆಫೀಸಿನಿಂದಲೂ ಹುಡುಗರು ಹೋಗಿದ್ದರು, ಸಂಜೆ ಒಬ್ಬೊಬ್ಬರಿಗೂ ಫೋನ್ ಮಾಡಿ ಎಲ್ಲಿದ್ದೀಯಾ ಅಂತ ಕೇಳಿದೆವು. ಆಮೇಲೆ ವಾರಗಟ್ಟಲೆ ಟೀವಿಯಲ್ಲಿ ಅದೇ ಚರ್ಚೆ, ಅನುಮತಿ ಕೇಳಿದವರ್ಯಾರು, ಕೊಟ್ಟವರ್ಯಾರು. ಮನೆ ಬಾಗಿಲಿಗೆ ಮಗನ ಹೆಣ ಬಂದವರಿಗೆ ಆ ಪ್ರಶ್ನೆ ಬೇರೆಯೇ ಆಗಿ ಕೇಳಿಸಿರುತ್ತದೆ. ನನ್ನ ಮಗನ ಜೀವದ ಲೆಕ್ಕವನ್ನು ಯಾರಾದರೂ ಮೊದಲೇ ಹಾಕಿದ್ದರಾ ಅಂತ.

ಹೀಗೆ ಯೋಚಿಸುತ್ತಾ ನಾನು ಬಂದು ನಿಂತದ್ದು ಇಲ್ಲಿ. ಯಾರನ್ನು ನಾವಾಗಿ ಹೋಗಿ ಕೇಳುವುದಿಲ್ಲವೋ ಅವರಿಗೋಸ್ಕರ ಅನುಮತಿ ಬೇಕು. ಕಾಗದಕ್ಕೆ ಯಾರು ಕಾಣುವುದಿಲ್ಲವೋ ಅವರಿಗೋಸ್ಕರ ಒಪ್ಪಿಗೆ ಬೇಕು. ಒಂದು ಇದ್ದಮಾತ್ರಕ್ಕೆ ಇನ್ನೊಂದು ಬೇಡ ಅನ್ನೋಕೆ ಬರುವುದಿಲ್ಲ. ಊರಿನ ಯಜಮಾನರು ನಮ್ಮಲ್ಲಿ ಒಪ್ಪಿಗೆ ಇದೆ, ಕಾಗದ ಯಾಕೆ ಅಂದರು. ನಾನು ಕಾಗದ ಇದೆ, ಒಪ್ಪಿಗೆ ಯಾಕೆ ಅಂದೆ. ನಮ್ಮಿಬ್ಬರ ತಪ್ಪೂ ಒಂದೇ ಜಾತಿಯದ್ದು.

ಎರಡೂ ಒಟ್ಟಿಗೆ ಸಾಧ್ಯವಾ ಅಂದರೆ, ಇದೇ ಬೆಂಗಳೂರಿನಲ್ಲಿ ಕಣ್ಣೆದುರಿಗಿದೆ. ಚೈತ್ರದ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಡುತ್ತದೆ. ಅದಕ್ಕೂ ಬಂದೋಬಸ್ತ್ ಇದೆ, ಪಾಲಿಕೆ ಇದೆ, ಟ್ರಾಫಿಕ್ ಬದಲಾವಣೆಯ ಪ್ರಕಟಣೆ ಇದೆ. ಆದರೆ ದಾರಿಯಲ್ಲಿ ಅದು ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗುವುದು ಯಾವ ಇಲಾಖೆ ಹಾಕಿದ ಷರತ್ತೂ ಅಲ್ಲ. ನೆರೆಹೊರೆಯವರು ತಲೆತಲಾಂತರದಿಂದ ಉಳಿಸಿಕೊಂಡು ಬಂದ ನಡವಳಿಕೆ. ನಿನ್ನ ಬಾಗಿಲ ಮುಂದೆ ಹೋಗುತ್ತಿದ್ದೇನೆ, ನಿನ್ನನ್ನು ಮಾತಾಡಿಸದೆ ಹೋಗುವುದಿಲ್ಲ ಅನ್ನುವುದು.

ಅದನ್ನೇ ನಮ್ಮ ಬೀದಿಯ ಮಟ್ಟಿಗೆ ಮಾಡಿ ನೋಡೋಣ ಅಂತ ಮರುವರ್ಷ ಸಮಿತಿಯಲ್ಲಿ ಹೇಳಿದೆ. ಅರ್ಜಿ ಹಾಕುವ ಮೊದಲು ಸ್ಟೇಜಿನ ಸುತ್ತಲಿನ ನಲವತ್ತು ಮನೆಗೆ ಹೋಗಿ ಕೇಳೋಣ ಅಂತ. ಹುಡುಗರು ಮುಖ ಮುಖ ನೋಡಿಕೊಂಡರು. ಪ್ರಾವಿಷನ್ ಸ್ಟೋರ್ ಅಣ್ಣ ನೇರವಾಗಿ ಕೇಳಿದ. "ಕೇಳೋದೇನೋ ಸರಿ ಸಾರ್, ಬೇಡ ಅಂದ್ರೆ?"

ಅದೇ ನೋಡಿ ನಿಜವಾದ ಪ್ರಶ್ನೆ. ಬೇಡ ಅನ್ನುವ ಉತ್ತರಕ್ಕೆ ಜಾಗವಿಲ್ಲದೆ ಕೇಳುವುದು ಕೇಳುವುದಲ್ಲ, ಅದು ಕುಳವಾಡಿ ಕೇರಿಗೆ ಹೋಗಿ ಹೇಳಿದ ಹಾಗೆ. ಹಾಗಂತ ಒಂದು ಮನೆ ಬೇಡ ಅಂದರೆ ಇಡೀ ಬೀದಿಯ ಹಬ್ಬ ನಿಲ್ಲಿಸಬೇಕಾ? ಹಬ್ಬವೇ ಇಷ್ಟವಿಲ್ಲದವರು, ಯಾರ ಮೇಲೋ ಸಿಟ್ಟಿರುವವರು ಇರುವುದಿಲ್ವಾ? ಮೇಷ್ಟ್ರು ಒಂದು ದಾರಿ ಹೇಳಿದರು. "ಬೇಡ ಅಂದವರನ್ನ ಯಾಕೆ ಬೇಡ ಅಂತ ಕೇಳೋಣ. ಇಷ್ಟ ಇಲ್ಲ ಅಂದ್ರೆ ನಾವು ಸಹಿಸ್ಕೊಂಡ ಹಾಗೆ ಅವರೂ ಸಹಿಸ್ಕೊಳ್ಳಲಿ. ಕಷ್ಟ ಇದೆ ಅಂದ್ರೆ ನಾವು ಬದಲಾಯಿಸ್ಕೊಳ್ಳೋಣ." ಇಷ್ಟವಿಲ್ಲದಿರುವುದು ಬೇರೆ, ಕಷ್ಟವಾಗುವುದು ಬೇರೆ. ಯಾವ ನೀತಿಶಾಸ್ತ್ರದ ಪುಸ್ತಕದಲ್ಲೂ ನನಗೆ ಇಷ್ಟು ಚಿಕ್ಕದಾಗಿ ಸಿಕ್ಕಿರಲಿಲ್ಲ. ಕೆಲವು ಸಲ ಎರಡರ ನಡುವಿನ ಗೆರೆ ತೆಳ್ಳಗಿರುತ್ತದೆ, ಅದನ್ನು ಎಳೆಯುವವರು ಕುಣಿಯುವವರೇ ಆಗಿರುತ್ತಾರೆ ಅನ್ನೋದೂ ನಿಜ. ಆದರೂ ಕೈಯಲ್ಲಿ ಹಿಡಿದು ಹೊರಡೋಕೆ ಅಷ್ಟು ಸಾಕಾಯಿತು.

ಎರಡು ಭಾನುವಾರ ಹಿಡಿಯಿತು. ಬಹಳ ಮನೆಯವರು ಬಾಗಿಲಲ್ಲೇ "ಮಾಡಿ ಸಾರ್, ಏನೂ ತೊಂದ್ರೆ ಇಲ್ಲ" ಅಂದರು. ರಾತ್ರಿ ಪಾಳಿಯ ಹುಡುಗರಿದ್ದ ಒಂದು ರೂಮಿನಲ್ಲಿ, ಬೆಳಗ್ಗೆ ಆರಕ್ಕೇ ಸುಪ್ರಭಾತ ಹಾಕಬೇಡಿ, ರಾತ್ರಿ ಎಷ್ಟು ಬೇಕಾದರೂ ಹಾಕಿ, ನಾವಿರೋದೇ ಇಲ್ಲ ಅಂದರು. ಒಂದು ಮನೆಯಲ್ಲಿ ಹದಿನೆಂಟು ದಿನದ ಮಗು. ಒಂದು ಮನೆಯವರು ಮಾತ್ರ, ಹಬ್ಬ ಮನೆಯಲ್ಲಿ ಮಾಡಬೇಕು, ರಸ್ತೆಯಲ್ಲಲ್ಲ ಅಂತ ಖಡಕ್ಕಾಗಿ ಹೇಳಿ ಬಾಗಿಲು ಹಾಕಿದರು. ಮೇಷ್ಟ್ರ ಲೆಕ್ಕದಲ್ಲಿ ಅದು ಇಷ್ಟದ ವಿಷಯ. ನನಗೆ ಈಗಲೂ ಪೂರ್ತಿ ಖಾತ್ರಿಯಿಲ್ಲ. ಕೊನೆಗೆ ಸ್ಪೀಕರುಗಳ ಮುಖ ಖಾಲಿ ಸೈಟುಗಳ ಕಡೆ ತಿರುಗಿತು, ಬೆಳಗಿನ ಮೈಕು ಎಂಟಕ್ಕೆ ಹೋಯಿತು, ಆರ್ಕೆಸ್ಟ್ರಾ ಎರಡು ದಿನದ್ದು ಒಂದೇ ದಿನಕ್ಕೆ ಇಳಿಯಿತು. ಮೂವರು ಹುಡುಗರು ಮುನಿಸಿಕೊಂಡು ಪಕ್ಕದ ಲೇಔಟಿನ ಗಣೇಶನ ಹತ್ತಿರ ಹೋಗಿ ಕುಣಿದರು. ಹೋಗಲಿ.

ಎದುರು ಸಾಲಿನ ಮೂರನೇ ಮನೆಗೆ ನಾನು ಎರಡನೇ ಭಾನುವಾರದ ಕೊನೆಗೆ, ಒಬ್ಬನೇ ಹೋದೆ. ಬೇಕಂತಲೇ ತಡ ಮಾಡಿದ್ದೆ. ಅವರೇ ಬಾಗಿಲು ತೆಗೆದರು. ಗಣೇಶನ ವಿಚಾರಕ್ಕೆ ಕೇಳೋಕೆ ಬಂದೆ ಮೇಡಂ ಅಂದೆ.

"ಹೋದ ವರ್ಷವೂ ಬಂದಿದ್ರಲ್ಲ ಸಾರ್, ಚಂದಾ ಕೇಳೋಕೆ. ಇರಿ, ತರ್ತೀನಿ" ಅಂತ ಒಳಗೆ ತಿರುಗಿದರು.

ಹೌದು. ಹೋದ ವರ್ಷವೂ ನಲವತ್ತು ಮನೆಗೂ ಹೋಗಿದ್ದೆವು. ರಸೀದಿ ಪುಸ್ತಕ ಹಿಡಿದು ಪ್ರತಿ ಬಾಗಿಲು ತಟ್ಟಿದ್ದೆವು. ಇದೇ ಬಾಗಿಲಲ್ಲಿ ಐನೂರು ರೂಪಾಯಿ ತಗೊಂಡಿದ್ದೆವು. ಆಗ ಒಳಗಿನ ರೂಮಿನಲ್ಲಿ ಅಜ್ಜಿ ಮಲಗಿದ್ದರು. ಮನೇಲಿ ಎಲ್ಲ ಹೇಗಿದ್ದೀರಿ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು.

"ಚಂದಾಗಲ್ಲ ಮೇಡಂ" ಅಂದೆ. ಸೌಂಡಿನಿಂದ ನಿಮಗೇನಾದರೂ ತೊಂದರೆ ಆಗುತ್ತಾ, ಯಾವ ಹೊತ್ತಿಗೆ ನಿಲ್ಲಿಸಬೇಕು, ಅದನ್ನು ಕೇಳೋಕೆ ಬಂದೆ ಅಂದೆ. ಹೋದ ವರ್ಷ ನಾನು ಹಾಗೆ ಮಾತಾಡಬಾರದಿತ್ತು ಅಂತಲೂ ಹೇಳಿದೆ. ಹೇಳೋಕೆ ಅಂದುಕೊಂಡದ್ದು ಇನ್ನೂ ಇತ್ತು, ಬಾಯಿಗೆ ಬಂದದ್ದು ಅಷ್ಟೇ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು. "ಹತ್ತರವರೆಗೂ ಹಾಕಿ ಸಾರ್. ಈಗ ನಮ್ಮನೇಲಿ ಯಾರಿಗೂ ತೊಂದ್ರೆ ಇಲ್ಲ."

ನನಗೆ ಒಪ್ಪಿಗೆ ಸಿಕ್ಕಿತ್ತು. ಒಂದು ವರ್ಷ ತಡವಾಗಿ. ಮೆಟ್ಟಿಲು ಇಳಿದು ಬರುವಾಗ ಫೋಲ್ಡರ್ ಹಿಡಿಯುವ ಅಭ್ಯಾಸಕ್ಕೋ ಏನೋ, ಕೈ ಕಂಕುಳಿಗೆ ಹೋಯಿತು. ಅವತ್ತು ಅಲ್ಲಿ ಏನೂ ಇರಲಿಲ್ಲ.